ಮೊದಲ ಎಲೆ ಯಾವುದು?

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜು ಲೈಬ್ರರಿಯ ಅಲಮೇಲಮ್ಮ ಮೇಡಂ. ‘ಸಮಾಜಶಾಸ್ತ್ರ ತಗೊಂಡು ಏನೇ ಮಾಡ್ತೀಯ’ ಅಂತ ಮನೆಯವರೆಲ್ಲ ನನ್ನ ತಲೆ ತಿನ್ನುತ್ತಿದ್ದ ದಿನಗಳವು.

ಬೊಮ್ಮರಸನೆಂಬ ರಾಜನ ವಿದ್ಯಾಶಾಲೆಯಲ್ಲಿ ತರ್ಕಕ್ಕೊಂದು ಪೀಠವಿತ್ತು, ಜ್ಯೋತಿಷಕ್ಕೊಂದು ಪೀಠವಿತ್ತು. ಆಸ್ಥಾನದ ವಿನೋದಗಾರ ಸಿಂಗಣಯ್ಯನಿಗೆ ಇನ್ನೊಂದು ಬೇಕಾಗಿತ್ತು.

“ನಾಲ್ಕು ಜನ ಸೇರಿದಾಗ ಯಾಕೆ ಹಾಗಾಡ್ತಾರೆ ಅನ್ನೋದಕ್ಕೂ ಒಂದು ಶಾಸ್ತ್ರ ಬೇಕು, ಮಹಾಪ್ರಭು.”

ತರ್ಕದ ತ್ರಿವಿಕ್ರಮ ಭಟ್ಟರು ನಶ್ಯ ಏರಿಸಿ ನಕ್ಕರು. “ಅದು ಅರಳಿಕಟ್ಟೆ ಹರಟೆ. ಅದಕ್ಕೆ ಪೀಠ ಕೊಟ್ಟರೆ ನಾಳೆ ಆಕಳಿಕೆಗೂ ಕೊಡಬೇಕಾಗುತ್ತೆ.”

“ನಮ್ಮ ಶಾಸ್ತ್ರ ಗ್ರಹಣವನ್ನ ಮುಂಚೆಯೇ ಹೇಳುತ್ತೆ,” ಅಂದರು ಜೋಯಿಸರು. “ನಿನ್ನದು ಏನು ಹೇಳುತ್ತಯ್ಯ?”

ರಾಜನಿಗೆ ಮೋಜೆನಿಸಿತು. “ನೀನೂ ಒಂದು ಭವಿಷ್ಯ ಹೇಳು, ಸಿಂಗಣಯ್ಯ. ನಿಜವಾದರೆ ಪೀಠ. ಸುಳ್ಳಾದರೆ ಗಂಟುಮೂಟೆ ಕಟ್ಟು.”

ಸಿಂಗಣಯ್ಯನ ಹೆಂಡತಿ ಮೊನ್ನೆಯಷ್ಟೇ ಹೊಸ ಒಲೆ ಹಾಕಿಸಿದ್ದಳು. ಆದರೂ ಹೇಳಿದ: “ನಾಳೆ ಪಂಡಿತರಿಗೆ ಅರಮನೆಯಲ್ಲಿ ಊಟ ಹಾಕಿಸಿ. ಎಲೆ ಹಾಕಿಸೋದು ಮಾತ್ರ ನಾನು. ಒಬ್ಬರೂ ಒಂದು ತುತ್ತೂ ತಿನ್ನೋದಿಲ್ಲ.”

“ವಿಷ ಬೆರೆಸ್ತೀಯೇನೋ?”

“ಛೆ, ತುಪ್ಪ ಬಡಿಸ್ತೀನಿ ಭಟ್ಟರೇ.”

ಮರುದಿನ ಪಂಡಿತರು ಬೆಳಗಿನ ಫಲಾಹಾರವನ್ನೂ ಬಿಟ್ಟು, ಅವನನ್ನು ಊರು ಬಿಡಿಸಲೆಂದೇ ಹಸಿದು ಬಂದರು. ಬಂದವರು ಬಾಗಿಲಲ್ಲೇ ನಿಂತರು. ಎಲೆಗಳು ಸಾಲಾಗಿರಲಿಲ್ಲ, ಸಿಂಗಣಯ್ಯ ಬಳೆಯ ಹಾಗೆ ದುಂಡಗೆ ಹಾಕಿಸಿದ್ದ. ಸಾಲಾದರೆ ಮೊದಲ ಎಲೆ ಎಲ್ಲರಿಗಿಂತ ದೊಡ್ಡವರದು. ಅವರು ಕೈಯಿಟ್ಟ ಮೇಲೆ ಉಳಿದವರ ಊಟ. ಬಳೆಗೆ ಮೊದಲೆಲ್ಲಿ, ಕೊನೆಯೆಲ್ಲಿ?

“ಕೂತ್ಕೊಳ್ಳಿ ಜೋಯಿಸರೇ,” ಅಂದರು ಭಟ್ಟರು.

“ಕೂತಮೇಲೆ ಇದೇ ಕೊನೇ ಎಲೆ ಅಂದುಬಿಟ್ಟರೆ? ತಾವೇ ಕೂತ್ಕೊಳ್ಳಿ.”

“ಯಾರಾದರೂ ಒಂದು ತುತ್ತು ತಿಂದರೆ ಅವನು ತೊಲಗ್ತಾನೆ ಕಣ್ರೀ.”

“ಹಾಗಾದರೆ ಇದೇ ಮೊದಲ ಎಲೆ, ನನ್ನದು. ತಾವು ಪಕ್ಕದ್ದಕ್ಕೆ ಬನ್ನಿ.”

“ನಿಮ್ಮ ನಂತರ ನಾನೇ?”

ತುಪ್ಪ ಗಟ್ಟಿಯಾಯಿತು. ಸಾರು ತಣ್ಣಗಾಯಿತು. ಅತಿಥಿಗಳು ಉಣ್ಣದೆ ಉಣ್ಣುವಂತಿಲ್ಲದ ರಾಜನ ಹೊಟ್ಟೆ ಗುರ್ ಅಂದದ್ದು ಎಲ್ಲರಿಗೂ ಕೇಳಿಸಿತು.

“ಭಟ್ಟರೇ, ಸೋತಿರಿ,” ಅಂದ ರಾಜ.

“ಇದರಲ್ಲಿ ಶಾಸ್ತ್ರ ಏನು ಬಂತು ಪ್ರಭು? ಮೊದಲ ಎಲೆ ಯಾವುದೆಂದು ತಿಳಿಯದೆ ದೊಡ್ಡವರು ಕೂರೋದಿಲ್ಲ. ಎಲ್ಲರಿಗೂ ಗೊತ್ತಿರೋದೇ.”

“ತಿಂದರೆ ನಾನು ತೊಲಗ್ತೀನಿ ಅಂತಲೂ ಗೊತ್ತಿತ್ತಲ್ಲ, ಸ್ವಾಮಿ,” ಅಂದ ಸಿಂಗಣಯ್ಯ. “ಆದರೂ ಯಾಕೆ ಕೂರೋಕಾಗಲಿಲ್ಲ? ಅಷ್ಟೇ ನನ್ನ ಶಾಸ್ತ್ರ.”

ರಾಜ ಹಸಿದ ಹೊಟ್ಟೆ ಹಿಡಿದುಕೊಂಡು ನಕ್ಕ. “ಪೀಠ ಕೊಟ್ಟೆ. ಎಲ್ಲಿ ಹಾಕಿಸಲಿ?”

“ಇವರೆಲ್ಲ ನನಗೆ ಕಾಣೋ ಕಡೆ, ಪ್ರಭು. ಪುಸ್ತಕದ ಖರ್ಚು ಉಳಿಯುತ್ತೆ.”

ನಿಮ್ಮ ಪರಿಚಯದಲ್ಲಿ ಯಾರಾದರೂ ಸಮಾಜಶಾಸ್ತ್ರ ತಗೊಂಡು ಬೈಸಿಕೊಳ್ಳುತ್ತಿದ್ದರೆ ಇದನ್ನು ಹೇಳಿಬಿಡಿ. ಬೈಯುವವರು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.