ಮಣ್ಣಿನ ಊಟ ಗುಡಿಸಿದ ಅಣ್ಣತಮ್ಮಂದಿರು

ಮರದಿಂದ ಉದುರಿದ ಎಲೆ ಮಣ್ಣಿನ ಊಟ, ಅದನ್ನ ಯಾರೂ ಎತ್ತಬಾರದು. ಕಾಡಿಗೆ ಬೇಲಿಯೇ ಇಲ್ಲದ ಕಾಲದಲ್ಲಿ ಇದ್ದದ್ದು ಇದೊಂದೇ ಕಟ್ಟಳೆಯಂತೆ ಮಗಾ, ಅದನ್ನೂ ಎಲ್ಲರೂ ಮುರಿದರಂತೆ. ಹೂಂ ಅನ್ನು, ನೀನು ಕೇಳಿಸ್ಕೊಳ್ತಾ ಇದೀಯೋ ಇಲ್ವೋ ನಂಗೆ ಗೊತ್ತಾಗಬೇಕು.

ಜಡೆಯಪ್ಪ ಅಂತ ಒಬ್ಬ ಇದ್ದನಂತೆ, ಅವನಿಗೆ ಮೂರು ಜನ ಗಂಡುಮಕ್ಕಳು. ಸಾಯೋ ಮುಂಚೆ ಮಳೆ ಬಿಡದ ಕಾಡನ್ನ ಹಿರಿಯವ ಬೊಮ್ಮನಿಗೆ, ಬಿಸಿಲಿನ ಕಾಡನ್ನ ನಡುವಿನವ ಜವರನಿಗೆ, ಮಂಜು ಕವಿಯೋ ಬೆಟ್ಟದ ಕಾಡನ್ನ ಕಿರಿಯವ ಕೇತನಿಗೆ ಕೊಟ್ಟು, ಹಣ್ಣು ತಿನ್ನಿ, ಜೇನು ಇಳಿಸಿ, ಒಣಸೌದೆ ತನ್ನಿ, ಬಿದ್ದ ಎಲೆ ಮಾತ್ರ ಮುಟ್ಟಬೇಡಿ ಅಂದನಂತೆ. ಹೂಂ ಅಂದರಂತೆ ಮೂವರೂ, ನೀನು ಅಂತೀಯಲ್ಲ, ಹಾಗೆ.

ಆಮೇಲೆ ಬೊಮ್ಮ ತನ್ನ ಕಾಡಿಗೆ ಹೋದ. ಅಲ್ಲಿ ಎಲೆ ಕೆಳಗೆಲ್ಲ ಜಿಗಣೆ. ಥೂ, ಕೊಳೆತ ಗಲೀಜು ಅಂತ ಮನೆಯಂಗಳದ ಹಾಗೆ ಕಾಡನ್ನೇ ಗುಡಿಸಿ ಹೊಳೆಗೆ ಹಾಕಿದನಂತೆ. ಇಂಥಾ ದಪ್ಪ ಮರ ಇವೆ, ಮಣ್ಣಲ್ಲಿ ಸಾರ ತುಂಬಿ ತುಳುಕ್ತಿದೆ ಅಂದ್ಕೊಂಡಿದ್ದ. ಮಣ್ಣಲ್ಲಿ ಎಲ್ಲಿತ್ತು? ಆ ಬೆಚ್ಚಗಿನ ಒದ್ದೆಯಲ್ಲಿ ಎಲೆ ಬಿದ್ದ ಮಳೆಗಾಲದಲ್ಲೇ ಕರಗಿ, ಬೇರು ಅದನ್ನ ಆಗಿಂದಾಗಲೇ ಕುಡಿದು ಮತ್ತೆ ಮೇಲಕ್ಕೆ ಕಳಿಸ್ತಿತ್ತು, ಮಣ್ಣು ಬರೀ ಖಾಲಿ ತಟ್ಟೆ. ಮರಗಳು ತುದಿಯಿಂದ ಒಣಗ್ತಾ ಬಂದವಂತೆ.

ಜವರನ ಕಾಡಲ್ಲಿ ಬೇಸಿಗೆಯೆಲ್ಲ ಎಲೆ ಹಾಗೇ ಬಿದ್ದಿರುತ್ತಿತ್ತು, ಕಾಲಿಟ್ಟರೆ ಚರಚರ. ಮಳೆ ಬಂದ ಮೇಲೇ ಗೆದ್ದಲು, ಅಣಬೆ ಸೇರಿ ಅದನ್ನ ತಿನ್ನಬೇಕು. ಅವನಿಗೆಲ್ಲಿ ತಾಳ್ಮೆ? ಆಡುಗಳಿಗೆ ಎಳೇ ಹುಲ್ಲು ಬರಲಿ ಅಂತ ಬೆಂಕಿ ಇಟ್ಟ. ಮೊದಲನೇ ವರ್ಷ ಹುಲ್ಲು ಬಂತಂತೆ, ಮೀಸೆ ತಿರುವಿದನಂತೆ. ಆಮೇಲೆ ಬೂದಿಯೆಲ್ಲ ಮಳೆಗೆ ಕೊಚ್ಚಿಹೋಗಿ, ನೆಲ ಹೆಂಚಿನ ಹಾಗಾಗಿ, ಆಡುಗಳು ಮುಳ್ಳು ಕಚ್ಚಿ ನಿಂತವಂತೆ. ಮತ್ತೆ ಚಿಗುರಲಿಲ್ವಾ ಅಂತೀಯಾ? ಇಲ್ಲ ಕಂದಾ, ಅವರ ಕಾಲದಲ್ಲಿ ಚಿಗುರಲಿಲ್ಲ.

ಆಮೇಲೆ ಇಬ್ಬರೂ ಹೆಂಡಿರು ಮಕ್ಕಳ ಸಮೇತ ಕೇತನ ಬೆಟ್ಟ ಹತ್ತಿದರು, ಕೈಯಲ್ಲಿ ಪೊರಕೆ, ತಲೆಮೇಲೆ ಕುಕ್ಕೆ. ಅಲ್ಲಿ ಚಳಿಗೆ ಎಲೆ ಬೇಗ ಕೊಳೆಯೋದಿಲ್ಲ, ವರ್ಷವರ್ಷದ್ದೂ ಒಂದರ ಮೇಲೊಂದು ಹಾಸಿಗೆ ಥರ ಬಿದ್ದಿತ್ತು. ನೋಡೋ ತಮ್ಮಾ, ಈ ಮಣ್ಣಿಗೆ ಹಸಿವೇ ಇಲ್ಲ, ನಮ್ಮ ನೆಲಕ್ಕೆ ಹಾಕ್ತೀವಿ ಕೊಡು ಅಂದರಂತೆ. ಕೇತನ ಕರುಳು ಚುರ್ ಅಂತು, ಅಣ್ಣಂದಿರಲ್ವಾ, ತಾನೇ ಮೊದಲ ಕುಕ್ಕೆ ತುಂಬಿದ.

ಅವನ ಹೆಂಡತಿ ಪುಟ್ಟೀರಿ ಬಗ್ಗಿ, ಎಲೆ ಎತ್ತಿದ ಕಡೆ ಕೈಯಿಟ್ಟು ನೋಡಿದಳಂತೆ. ಅಡಿ ಎಲೆ ಪುಡಿಪುಡಿಯಾಗಿ ಕಪ್ಪಾಗಿತ್ತು, ಅದರೊಳಗೆ ಹೆಣೆದುಕೊಂಡಿದ್ದ ಬಿಳೀ ಬೇರು ಹರಿದು ನೇತಾಡ್ತಿತ್ತು. ಹಸಿವಿಲ್ಲ ಅಂದೋರ್ಯಾರು, ನಿಧಾನಕ್ಕೆ ಉಣ್ತಾ ಇದೆ ಅಂದಳು.

ಬೊಮ್ಮ ರೇಗಿದ. ಒಡಹುಟ್ಟಿದವರಿಗಿಂತ ತರಗು ಹೆಚ್ಚಾಯ್ತೇನಮ್ಮಾ?

ಹೆಚ್ಚಲ್ಲ ಭಾವ, ಇದೂ ಹೋದ್ರೆ ನಿಮ್ಮ ಮಕ್ಕಳನ್ನೂ ನನ್ನ ಮಕ್ಕಳನ್ನೂ ಕರ್ಕೊಂಡು ಎಲ್ಲಿಗೆ ಹೋಗೋಣ?

ಮತ್ತೆ ನಮ್ಮ ಕಾಡು? ಅಂತ ಜವರ ಅತ್ತೇಬಿಟ್ಟನಂತೆ. ಪುಟ್ಟೀರಿಗೂ ಕಣ್ಣು ತುಂಬಿತಂತೆ.

ಇಷ್ಟೇ ಮಗಾ ಕತೆ, ಇನ್ನು ಕಣ್ಣು ಮುಚ್ಚು. ಪುಟ್ಟೀರಿ ಕುಕ್ಕೆ ಮಗುಚಿ, ಎಲೆಯನ್ನ ಇದ್ದಲ್ಲಿಗೇ ಹರಡಿ, ಆಮೇಲೆ ಭಾವಂದಿರ ಪೊರಕೆ ಕಿತ್ತು ಮುರಿದು ಒಲೆಗಿಟ್ಟು, ಅದೇ ಉರಿಯಲ್ಲಿ ಅಷ್ಟೂ ಜನಕ್ಕೆ ಮುದ್ದೆಗೆ ಎಸರಿಟ್ಟಳಂತೆ.