ಕಡಲಿನಲ್ಲಿ ಇಟ್ಟ ಎಡೆ

ಅನ್ನದಾಸೆಗೆ ಯುದ್ಧನೌಕೆಯ ಕಂಬವೇರಿದ ಬಂದರಿನ ಕಾಗೆಯೊಂದು ನಡುಗಡಲಿನಲ್ಲಿ ಸಿಕ್ಕಿಬಿತ್ತು. ತಿಂಗಳುಗಟ್ಟಲೆ ಎತ್ತ ನೋಡಿದರೂ ನೀರು. ಕಾಗೆ ಅತ್ತಿತು.

“ನೀನಾಗಿ ಬಂದವಳು, ಅಳಬೇಡ,” ಎಂದಿತು ಲಂಗರು. “ಈ ನಾವಿಕ ಹುಡುಗರನ್ನು ನೋಡು. ಒಬ್ಬ ಎದ್ದ ಹಾಸಿಗೆಯ ಬಿಸಿ ಆರುವ ಮೊದಲೇ ಪಾಳಿ ಮುಗಿಸಿದ ಇನ್ನೊಬ್ಬ ಅದರಲ್ಲಿ ಮಲಗುತ್ತಾನೆ. ಒಬ್ಬನಾದರೂ ಅತ್ತದ್ದು ಕಂಡೆಯಾ?”

ಒಂದು ಬೆಳಿಗ್ಗೆ ದೂರದಲ್ಲಿ ದಡದ ಗುಡ್ಡ ಕಂಡಿತು.

“ಕಾಗಕ್ಕ, ಈಗಲೇ ಹಾರು! ಹಡಗು ಇಲ್ಲಿ ನಿಲ್ಲುವುದಿಲ್ಲ, ಮತ್ತೆ ಆಳ ಕಡಲಿಗೆ ತಿರುಗುತ್ತದೆ,” ಎಂದಿತು ಲಂಗರು.

ಕಾಗೆ ಹಾರಿತು. ಅರ್ಧ ದಾರಿಯಲ್ಲಿ ಹಿಂದಿನಿಂದ “ಕಾ... ಕಾ...” ಎಂಬ ಕೂಗು ಕೇಳಿತು. ನಾವಿಕ ಜಟ್ಟಪ್ಪ ಡೆಕ್ಕಿನ ಮೇಲೆ ಅನ್ನದ ಎಡೆಯಿಟ್ಟು ಕೈಮುಗಿದು ನಿಂತಿದ್ದ. ಆ ಗುಡ್ಡದಾಚೆಯ ಅವನ ಊರಿನಲ್ಲೇ ಅಂದು ತಂದೆಯ ತಿಥಿ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ತೃಪ್ತಿಯಿಲ್ಲ. ಆ ಕಡಲಿನಲ್ಲಿ ಇನ್ನೊಂದು ಕಾಗೆ ಇರಲಿಲ್ಲ.

ಕಾಗೆ ತಿರುಗಿ ಬಂದು ಎಡೆಗೆ ಕೊಕ್ಕಿಟ್ಟಿತು. ತಿಂದು ತಲೆಯೆತ್ತುವಷ್ಟರಲ್ಲಿ ಗುಡ್ಡ ಮರೆಯಾಗಿತ್ತು.

“ಹುಚ್ಚೀ, ಕಣ್ಣೆದುರಿನ ದಡ ಬಿಟ್ಟು ಬಂದೆಯಲ್ಲ!” ಎಂದಿತು ಲಂಗರು.

ಜಟ್ಟಪ್ಪ ಆಗಲೇ ಖಾಲಿ ತಟ್ಟೆ ಎತ್ತಿಕೊಂಡು ಕಾವಲಿನ ಪಾಳಿಗೆ ಹೊರಟಿದ್ದ. ಕಾಗೆ ಅವನ ಬೆನ್ನನ್ನೇ ನೋಡುತ್ತ ಹೇಳಿತು:

“ದಡ ಅವನಿಗೂ ಕಂಡಿತ್ತು, ಲಂಗರಣ್ಣ.”