ಮುದ್ರೆಯಿಲ್ಲದ ತೂಕದ ಕಲ್ಲು

ಕುಂಬಳಾವತಿಯ ದೊರೆ ದುಂಡಭೂಪ ನಡೆದರೆ ಅರಮನೆಯ ಹೆಂಚು ಗಲಗಲ ಅನ್ನುತ್ತಿತ್ತು. ಸುಳ್ಳಲ್ಲ, ನಮ್ಮ ಮುತ್ತಜ್ಜನೇ ಎರಡು ಸಲ ಮಾಡು ಹತ್ತಿ ಹೆಂಚು ಸರಿಮಾಡಿ ಬಂದವನು.

ಒಂದು ದಿನ ದೊರೆ ಮೀಸೆ ತಿರುವಿದ. "ಸಂತೆಯಲ್ಲಿ ಕೊಳೆತ ಕಾಯಿ, ಕಳ್ಳ ತೂಕ ಹಿಡಿಯಲು ನೂರು ಅಧಿಕಾರಿಗಳನ್ನು ಇಟ್ಟಿದ್ದೇನೆ. ಪ್ರತಿ ತೂಕದ ಕಲ್ಲಿಗೂ ಅವರ ಕಾಯಿಸಿದ ಮುದ್ರೆ ಬೀಳಲೇಬೇಕು. ಬೊಕ್ಕಸದಿಂದ ಬಿಡಿಗಾಸು ಹೋಗಿಲ್ಲ! ಮಾರುವವರೆಲ್ಲ ಪರವಾನಗಿಗೆ ತಲಾ ಹತ್ತು ವರಹ ಕಟ್ಟುತ್ತಾರೆ, ಸಂಬಳ ಅದರಲ್ಲೇ. ಹೇಗಿದೆ ನನ್ನ ತಲೆ?"

"ತಲೆಗೇನು ಪ್ರಭು, ಅದರ ತೂಕ ಯಾವ ತಕ್ಕಡಿಯೂ ತಡೆಯಲಾರದು" ಅಂದ ಆಸ್ಥಾನದ ಜಾಣ ಓಬಳಯ್ಯ.

ಅವನು ಮನೆಗೆ ಬಂದರೆ ಜಗಲಿಯಲ್ಲಿ ಸೊಪ್ಪು ಮಾರುವ ಸಣ್ಣೀರಮ್ಮ ಅಳುತ್ತ ಕೂತಿದ್ದಳು.

"ನಾಲ್ಕು ಕಟ್ಟು ದಂಟಿನ ಸೊಪ್ಪಿಗೆ ಹತ್ತು ವರಹವೇನಪ್ಪ? ನೂರು ಗಾಡಿ ಈರುಳ್ಳಿ ತರೋ ಸಾಹುಕಾರನಿಗೂ ಹತ್ತೇ! ಶುಕ್ರವಾರ ಕಟ್ಟದಿದ್ದರೆ ಬುಟ್ಟಿ ಕಿತ್ತುಕೊಳ್ತಾರಂತೆ."

"ಶುಕ್ರವಾರ ದೊರೆಯ ತುಲಾಭಾರ. ಅಳಬೇಡ ಕಣವ್ವ, ಸಂತೆಗೆ ಬಾ."

ಶುಕ್ರವಾರ ಸಂತೆ ಮಾಳದಲ್ಲಿ ಆನೆಯಂಥ ತಕ್ಕಡಿ ನಿಂತಿತು. ಒಂದು ತಟ್ಟೆಯಲ್ಲಿ ದೊರೆ, ಇನ್ನೊಂದರಲ್ಲಿ ದಾನಕ್ಕೆ ಬಾಳೆಗೊನೆ. ಗೊನೆ ಏರಿಸಿ ಏರಿಸಿ ಹದಿನೇಳು ಆಳುಗಳ ಸೊಂಟ ಹಿಡಿಯಿತು.

"ನಿಲ್ಲಿಸಿ!" ಓಬಳಯ್ಯ ಅಧಿಕಾರಿಯನ್ನು ಎಳೆದು ತಂದ. "ಈ ತೂಕದ ಕಲ್ಲಿಗೆ ಮುದ್ರೆ ಎಲ್ಲಿ?"

"ಯಾವ ಕಲ್ಲೋ?" ಅಂದ ದೊರೆ.

"ತಾವೇ ಪ್ರಭು. ಒಂದು ಕಡೆ ಹಣ್ಣಿದ್ದರೆ, ಇನ್ನೊಂದು ಕಡೆ ಇರುವುದು ತೂಕದ ಕಲ್ಲು. ಕಾಯಿಸಿದ ಮುದ್ರೆ ಒತ್ತಬೇಕು. ತಮ್ಮದೇ ಕಾನೂನು."

ಅಧಿಕಾರಿ ಪಾಪ, ನಿಯತ್ತಿನ ಮನುಷ್ಯ. ಕೆಂಪಗೆ ಕಾದ ಮುದ್ರೆ ಹಿಡಿದು, "ಎಲ್ಲಿ ಒತ್ತಲಿ ಸ್ವಾಮಿ?" ಅಂದ.

ದೊರೆ ಎರಡೂ ಕೈಯಲ್ಲಿ ಹಿಂಭಾಗ ಮುಚ್ಚಿಕೊಂಡ. "ಅಯ್ಯೋ, ನಾನು ಮಾರುತ್ತಿಲ್ಲವೋ, ದಾನ ಕೊಡುತ್ತಿದ್ದೇನೆ!"

"ಸೊಪ್ಪಿನ ಸಣ್ಣೀರಮ್ಮನೂ ದಿನಾ ಒಂದು ಹಿಡಿ ಕೊಸರು ಪುಕ್ಕಟೆ ಕೊಡುತ್ತಾಳೆ. ಅವಳನ್ನು ಬಿಟ್ಟರೇ?"

"ಕಾನೂನು ತಿದ್ದುತ್ತೇನೆ! ಏನು ಬರೆಸಲಿ, ಬೇಗ ಹೇಳು!"

"ಗಾಡಿಯಲ್ಲಿ ಬರುವ ಮಾಲಿಗೆ ಗಾಡಿಗಿಷ್ಟು ಅಂತ ಶುಲ್ಕ. ಅಧಿಕಾರಿಗಳ ಸಂಬಳಕ್ಕೆ ಅದು ಸಾಕು. ತಲೆ ಮೇಲೆ ಹೊತ್ತು ತರುವವರಿಗೆ ಶುಲ್ಕವೂ ಇಲ್ಲ, ಮುದ್ರೆಯೂ ಇಲ್ಲ."

ದೊರೆ ಅಲ್ಲೇ ಬರೆಸಿ ಸಹಿ ಹಾಕಿದ. ಸಣ್ಣೀರಮ್ಮ ಬುಟ್ಟಿ ಇಳಿಸಿ ಸೊಪ್ಪು ಹರಡಿದಳು.

"ಅಬ್ಬ, ನಾನೂ ಪಾರಾದೆ!" ದೊರೆ ಬೆವರು ಒರೆಸಿಕೊಂಡ.

"ತಾವು ಹೇಗೆ ಪಾರಾಗುತ್ತೀರಿ ಪ್ರಭು? ತಮ್ಮನ್ನು ತಲೆ ಮೇಲೆ ಹೊತ್ತು ತರುವ ಗಂಡು ಈ ಸೀಮೆಯಲ್ಲಿ ಹುಟ್ಟಿಲ್ಲ. ಎರಡು ಗಾಡಿ ಶುಲ್ಕ ಕಟ್ಟಿ."

ದೊರೆ ಹೊಟ್ಟೆ ಕುಲುಕಿಸಿ ನಕ್ಕ ನಗೆಗೆ ತಕ್ಕಡಿ ಮುರಿದು, ಬಾಳೆಗೊನೆಗಳು ಹಾರಿ ಮೂರು ಊರಲ್ಲಿ ಬಿದ್ದವು. ಅಲ್ಲಿ ಎರಡು ದಿನ ಯಾರೂ ಒಲೆ ಹಚ್ಚಲಿಲ್ಲ.